ಡಿಜಿಟಲ್ ಈಕ್ವಲೈಸರ್: ಯಾವ ಮೋಡ್ ಮೊದಲು, ಯಾವುದು ಆಮೇಲೆ

"ಅಣ್ಣಾ, ಎಲ್ಲಾ ಮೋಡ್ ಆನ್ ಮಾಡಿವ್ನಿ, ಆದ್ರೂವೆ ಕುಯ್ ಅಂತದೆ."

ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆ ಕಡೆ ಮೈಕ್‌ಸೆಟ್ ಇಟ್ಟಿರುವ ಹುಡುಗರಿಂದ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಇದೇ ಮಾತು. ಬಾಕ್ಸಿನ ಸದ್ದು ಮತ್ತೆ ಮೈಕಿಗೆ ನುಗ್ಗಿ ಸುತ್ತು ಹೊಡೆಯುವುದೇ ಈ ಕುಯ್, ಅಂದರೆ ಫೀಡ್‌ಬ್ಯಾಕ್. ಎಲ್ಲಾ ಮೋಡ್ ಆನ್ ಮಾಡಿರುವುದೇ ಅಲ್ಲಿನ ತೊಂದರೆ. ಒಂದೇ ಕುಯ್‌ಗೆ ಮೂರು ಕಡೆ ಕತ್ತರಿ ಹಾಕಿರುತ್ತಾರೆ. ಕುಯ್ ಹೋಗುವುದಿಲ್ಲ, ದನಿ ಹೋಗುತ್ತದೆ.

ಈಕ್ವಲೈಸರ್ ಅಂದರೆ ಸದ್ದಿನ ತಗ್ಗು, ನಡು, ಎತ್ತರದ ಭಾಗಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಡಬ್ಬಿ. ಡಿಜಿಟಲ್ ಈಕ್ವಲೈಸರ್ ಡಬ್ಬಿಯ ಮುಂದೆ ಸಾಮಾನ್ಯವಾಗಿ ಈ ಅಕ್ಷರಗಳಿರುತ್ತವೆ: ಜಿಇಕ್ಯೂ (ಗ್ರಾಫಿಕ್, ಪಟ್ಟಿಪಟ್ಟಿಯಾಗಿ ಏರಿಸಿ ಇಳಿಸುವುದು), ಪಿಇಕ್ಯೂ (ಪ್ಯಾರಾಮೆಟ್ರಿಕ್, ಬೇಕಾದ ಜಾಗ ಆರಿಸಿ ತಿದ್ದುವುದು), ಡಿಇಕ್ಯೂ (ಡೈನಾಮಿಕ್, ಜೋರಾದಾಗ ಮಾತ್ರ ಕತ್ತರಿಸುವುದು), ಆರ್‌ಟಿಎ (ಸದ್ದನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವುದು), ಎಫ್‌ಬಿಡಿ (ತಾನೇ ಕುಯ್ ಹುಡುಕಿ ಕತ್ತರಿಸುವುದು), ಮೆಮೊರಿ, ಬೈಪಾಸ್ (ಏನೂ ತಿದ್ದದೆ ಸದ್ದನ್ನು ಹಾಗೇ ಬಿಡುವುದು). ಕಂಪನಿಗೊಂದು ಹೆಸರು, ಕೆಲಸ ಅದೇ. ಇವುಗಳಲ್ಲಿ ಮೂರರ ಲೆಕ್ಕ ಮೊದಲು ತಲೆಯಲ್ಲಿರಲಿ. ಪಿಇಕ್ಯೂ ನಿಮ್ಮ ಬಾಕ್ಸಿಗೆ ಸೇರಿದ್ದು. ಜಿಇಕ್ಯೂ ಆ ಊರಿಗೆ, ಆ ಹಾಲಿಗೆ ಸೇರಿದ್ದು. ಎಫ್‌ಬಿಡಿ ಆ ಒಂದು ರಾತ್ರಿಗೆ ಸೇರಿದ್ದು. ಕೆಳಗಿನ ಹಂತಗಳೆಲ್ಲ ಇದೇ ಲೆಕ್ಕದ ಮೇಲಿವೆ.

ಉದಾಹರಣೆಗೆ ನಮ್ಮ ಮಂಡ್ಯ ಸೀಮೆಯ ಕುರುಕ್ಷೇತ್ರ ನಾಟಕವನ್ನೇ ಹಿಡಿಯುತ್ತೇನೆ. ಮೇಲೆ ನೇತುಹಾಕಿದ ಮೂರು ಮೈಕು, ಹಾರ್ಮೋನಿಯಂಗೆ ಒಂದು, ತಬಲಕ್ಕೆ ಒಂದು, ಎರಡೂ ಕಡೆ ಬಾಕ್ಸು. ಇದರಲ್ಲಿ ಪಾಸಾದರೆ ಮೈಸೂರಿನ ಟೈಲ್ಸ್ ಹಾಕಿದ ಕಲ್ಯಾಣ ಮಂಟಪವೂ ನಿಮ್ಮ ಕೈಗೆ ಸಿಗುತ್ತದೆ.

ಹಂತ 1: ಕೈಯಲ್ಲಿ ಇರಬೇಕಾದ್ದು

ಅಳತೆ ಮೈಕು ಒಂದು ಬೇಕು. ಎಲ್ಲಾ ದಿಕ್ಕಿನಿಂದಲೂ ಒಂದೇ ಸಮ ಕೇಳಿಸಿಕೊಳ್ಳುವ, ಸಣ್ಣ ತಲೆಯ ಮೈಕು ಇದು. ಹಾಡುವ ಮೈಕನ್ನು ಇದಕ್ಕೆ ಬಳಸಬೇಡಿ. ಅದು ಮಾತಿನ ಭಾಗವನ್ನು ತಾನೇ ಎತ್ತಿ ತೋರಿಸುತ್ತದೆ, ನೀವು ಬಾಕ್ಸಿನ ತಪ್ಪು ಅಂದುಕೊಂಡು ಇಳಿಸುತ್ತೀರಿ. ಅಳತೆ ಮೈಕಿಗೆ ಫ್ಯಾಂಟಮ್ ಪವರ್ (ಕೇಬಲ್ಲಿನಲ್ಲೇ ಮೈಕಿಗೆ ಹೋಗುವ ಕರೆಂಟು) ಬೇಕಾಗುತ್ತದೆ. ಡಬ್ಬಿಯ ಹಿಂದೆ ಆರ್‌ಟಿಎ ಮೈಕ್ ಸಾಕೆಟ್ ಇದ್ದರೆ ಅಲ್ಲೇ ಸಿಗುವುದು ಹೆಚ್ಚು.

ಜೊತೆಗೆ ನಿಮಗೆ ಕಂಠಪಾಠವಾಗಿರುವ ಒಂದು ಹಾಡು, ಬರೀ ಮಾತಿನ ಒಂದು ರೆಕಾರ್ಡಿಂಗ್, ಅಳತೆ ಟೇಪು, ಇನ್ಸುಲೇಷನ್ ಟೇಪು, ಒಂದು ಚಿಕ್ಕ ನೋಟ್‌ಬುಕ್. ಮಿಕ್ಸರ್ ಮತ್ತು ಈಕ್ವಲೈಸರ್ ಎರಡಕ್ಕೂ ಸಾಕಾಗುವ ಯುಪಿಎಸ್ ಕೂಡ ಇರಲಿ. ಯಾಕೆ ಅಂತ ಹಂತ 9ರಲ್ಲಿ ಬರುತ್ತದೆ.

ಹಂತ 2: ಬೈಪಾಸ್‌ನಲ್ಲೇ ಶುರು ಮಾಡಿ

ಮಿಕ್ಸರಿನ ಮೇನ್ ಔಟ್, ಅಲ್ಲಿಂದ ಈಕ್ವಲೈಸರ್, ಆಮೇಲೆ ಕ್ರಾಸ್‌ಓವರ್ (ತಗ್ಗು, ಎತ್ತರದ ಸದ್ದನ್ನು ಬೇರೆಬೇರೆ ಸ್ಪೀಕರಿಗೆ ಹಂಚುವುದು), ಆಮೇಲೆ ಆಂಪ್. ಆನ್ ಮಾಡುವಾಗ ಆಂಪ್ ಕೊನೆಗೆ, ಆಫ್ ಮಾಡುವಾಗ ಆಂಪ್ ಮೊದಲು. ಇದನ್ನು ತಿರುಗಿಸಿದರೆ ಡಬ್ಬಿ ಎದ್ದೇಳುವಾಗ ಬರುವ 'ಢಬ್' ನೇರ ಬಾಕ್ಸಿಗೆ ಹೋಗುತ್ತದೆ.

ಈಗ ಡಬ್ಬಿಯನ್ನು ಬೈಪಾಸ್‌ಗೆ ಹಾಕಿ. ಕೆಲವು ಡಬ್ಬಿಗಳಲ್ಲಿ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ಹಳೆಯ ಸೆಟ್ಟಿಂಗ್ ಒಳಗೆ ಕೂತಿದ್ದರೆ ಅದನ್ನೂ ಅಳಿಸಿ, ಎಲ್ಲವನ್ನೂ ಸೊನ್ನೆಗೆ ತನ್ನಿ.

ಮಟ್ಟ ಹೊಂದಿಸಿ. ಡಿಜಿಟಲ್ ಮೀಟರಿನಲ್ಲಿ 0 ಅಂದರೆ ಗೋಡೆ, ಅದರಾಚೆ ಏನೂ ಇಲ್ಲ. ಅನಲಾಗ್ ಮಿಕ್ಸರಿನ ಮೀಟರ್ 0 ದಾಟಿದರೂ ಸ್ವಲ್ಪ ತಡೆದುಕೊಳ್ಳುತ್ತಿತ್ತು, ಇದು ತಡೆಯುವುದಿಲ್ಲ, ಅಲ್ಲೇ ಚರ್ ಅನ್ನುತ್ತದೆ. ಜೋರು ಮಾತಿಗೆ ಮೀಟರ್ −12ರ ಸುತ್ತ ಆಡುವ ಹಾಗೆ ಇಟ್ಟುಕೊಳ್ಳಿ. ಹಿಂದೆ +4 ಮತ್ತು −10 ಅಂತ ಸ್ವಿಚ್ ಇದ್ದರೆ, ಎಕ್ಸ್‌ಎಲ್‌ಆರ್ ಔಟ್ ಇರುವ ಮಿಕ್ಸರಿಗೆ +4.

ಈಕ್ವಲೈಸರ್ ಮುಟ್ಟುವ ಮೊದಲು ಪುಕ್ಕಟೆ ಸಿಗುವುದನ್ನು ತೆಗೆದುಕೊಳ್ಳಿ. ನಟ ಮೈಕಿನಿಂದ 2 ಅಡಿ ದೂರದಲ್ಲಿದ್ದವನು 1 ಅಡಿಗೆ ಬಂದರೆ ಸುಮಾರು 6 ಡೆಸಿಬಲ್ (ಸದ್ದಿನ ಜೋರಿನ ಅಳತೆ) ಸಿಗುತ್ತದೆ. ಅಷ್ಟು ಲಾಭ ಯಾವ ಮೋಡಿನಿಂದಲೂ ಸುಲಭಕ್ಕೆ ಬರುವುದಿಲ್ಲ. ತೆರೆದ ಮೈಕುಗಳ ಸಂಖ್ಯೆ ಎರಡರಷ್ಟು ಆದಾಗಲೆಲ್ಲ ಕುಯ್ ಅನ್ನುವ ಗಡಿ 3 ಡೆಸಿಬಲ್ ಹತ್ತಿರ ಬರುತ್ತದೆ. ಸುಮ್ನೆ ನೇತಾಡುತ್ತಿರುವ ಮೈಕು ಇದ್ದರೆ ಮ್ಯೂಟ್ ಮಾಡಿ. ಬಾಕ್ಸು ಮೈಕಿಗಿಂತ ಮುಂದೆ, ಜನರ ಕಡೆ ಇರಲಿ. ಬ್ಯಾನರ್ ಕಾಣಬೇಕು ಅಂತ ಕಮಿಟಿಯವರು ಬಾಕ್ಸನ್ನು ಹಿಂದಕ್ಕೆ ತಳ್ಳಿಸುತ್ತಾರೆ. ಜಗಳ ಆಡಬೇಕಾದ ಜಾಗ ಅದು, ಈಕ್ವಲೈಸರ್ ಅಲ್ಲ.

ಎಚ್ಚರಿಕೆ: ಬೈಪಾಸ್‌ನಲ್ಲೇ 'ಗುಂಯ್' ಅಂತ ಒಂದೇ ಸಮ ಬರುತ್ತಿದ್ದರೆ ಅದು 50 ಹರ್ಟ್ಸ್ ಕರೆಂಟಿನ ಸದ್ದು, ಜೊತೆಗೆ ಅದರ 100, 150ರ ಪಟ್ಟುಗಳು. ಕೇಬಲ್, ಅರ್ಥಿಂಗ್ ನೋಡಿ. ಈಕ್ವಲೈಸರಿನಲ್ಲಿ ಇದನ್ನು ಕತ್ತರಿಸಿದರೆ ತಬಲದ ಎಡಗೈಯೂ ಜೊತೆಗೇ ಹೋಗುತ್ತದೆ.

ಹಂತ 3: ಸ್ಟೀರಿಯೋ ಲಿಂಕ್ ಬೇಕೋ, ಡ್ಯುಯಲ್ ಮೋನೋ ಬೇಕೋ

ಎರಡು ಬಾಕ್ಸೂ ಜನರ ಕಡೆಗೇ ಇದ್ದರೆ ಸ್ಟೀರಿಯೋ ಲಿಂಕ್. ಒಂದು ಕಡೆ ಬದಲಿಸಿದ್ದು ಇನ್ನೊಂದಕ್ಕೂ ಹೋಗುತ್ತದೆ. ಎ ಚಾನಲ್ ಜನರಿಗೆ, ಬಿ ಚಾನಲ್ ವೇದಿಕೆ ಮಾನಿಟರಿಗೆ (ನಟರಿಗೆ ಕೇಳಿಸಲು ಇಡುವ ಬಾಕ್ಸು) ಅಂತ ಹಂಚಿದ್ದರೆ ಡ್ಯುಯಲ್ ಮೋನೋ. ನಾಟಕದಲ್ಲಿ ನನಗೆ ಇದೇ ಇಷ್ಟ. ಮೊದಲು ಕುಯ್ ಅನ್ನುವುದು ಮಾನಿಟರು, ಅದಕ್ಕೆ ಬೇರೆ ಕತ್ತರಿ ಬೇಕು.

ಇಲ್ಲಿ ಆಗುವ ತಪ್ಪು ಒಂದೇ. ಡ್ಯುಯಲ್ ಮೋನೋದಲ್ಲಿ ಅರ್ಧ ಗಂಟೆ ಕೂತು ಎ ಮಾತ್ರ ಸರಿ ಮಾಡಿ, ಬಿ ಖಾಲಿ ಬಿಟ್ಟಿರುತ್ತಾರೆ. ಪರದೆ ಮೂಲೆಯ ಅಕ್ಷರವನ್ನು ಪ್ರತಿ ಸಲ ನೋಡಿ. ಮೋಡನ್ನು ನಡುವೆ ಬದಲಿಸಬೇಡಿ. ಲಿಂಕಿಗೆ ಹೋದಾಗ ಒಂದು ಚಾನಲಿನ ಕೆಲಸ ಇನ್ನೊಂದರ ಮೇಲೆ ಕೂತು ಅಳಿಸಿಹೋಗುವ ಡಬ್ಬಿಗಳಿವೆ.

ಹಂತ 4: ಆರ್‌ಟಿಎ, ನೋಡುವುದಕ್ಕೆ ಮಾತ್ರ

ಪಿಂಕ್ ನಾಯ್ಸ್, ಅಂದರೆ ಅಳತೆಗೆ ಬಳಸುವ ಭುಸ್ ಸದ್ದು, ಹಾಕಿ. ಕನ್ನಂಬಾಡಿ ಕಟ್ಟೆಯ ಗೇಟು ತೆಗೆದಾಗ ನೀರು ಸುರಿಯುವ ಹಾಗೆ ಕೇಳಿಸುತ್ತದೆ. ಫೋನ್ ಆ್ಯಪಿನ ವೈಟ್ ನಾಯ್ಸ್ ಹಾಕಬೇಡಿ. ಅದರಲ್ಲಿ ಆರ್‌ಟಿಎ ಗೆರೆ ಬಲಕ್ಕೆ ಹೋದ ಹಾಗೆ ಆಕ್ಟೇವಿಗೆ, ಅಂದರೆ ಹರ್ಟ್ಸ್ ಎರಡರಷ್ಟು ಆದಾಗಲೆಲ್ಲ, 3 ಡೆಸಿಬಲ್ ಏರುತ್ತದೆ. "ಟ್ರೆಬಲ್ ಜಾಸ್ತಿ ಇದೆ" ಅಂದುಕೊಂಡು ಇಳಿಸಿ, ಕೊನೆಗೆ ಕಂಬಳಿ ಹೊದ್ದ ದನಿ ಮಾಡಿಕೊಳ್ಳುತ್ತೀರಿ. ಪಿಂಕ್ ನಾಯ್ಸ್‌ನಲ್ಲಿ ಪ್ರತಿ ಆಕ್ಟೇವಿಗೂ ಸಮ ಶಕ್ತಿ, ಹಾಗಾಗಿ ಗೆರೆ ಮಟ್ಟಸವಾಗಿ ಬರುತ್ತದೆ.

ಎಷ್ಟು ಜೋರು? ಸುತ್ತಲಿನ ಗಲಾಟೆಗಿಂತ 15ರಿಂದ 20 ಡೆಸಿಬಲ್ ಮೇಲೆ. ಪಕ್ಕದಲ್ಲಿ ಜನರೇಟರ್ ಓಡುತ್ತಿದ್ದರೆ ಕೆಳಗಿನ ಪಟ್ಟಿಗಳಲ್ಲಿ (ತಗ್ಗು ಸದ್ದಿನ ಭಾಗದಲ್ಲಿ) ನೀವು ಓದುತ್ತಿರುವುದು ಜನರೇಟರನ್ನು. ಈ ಕೆಲಸ ಸಂಜೆಗೇ ಮುಗಿಯಲಿ. 2000ರ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ನಿಷೇಧವಿದೆ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ನಾಟಕಕ್ಕೆ ಕಮಿಟಿ ಅನುಮತಿ ತಂದಿರಬಹುದು, ನಿಮ್ಮ ಭುಸ್ ಸದ್ದಿಗೆ ಯಾರೂ ತಂದಿರುವುದಿಲ್ಲ.

ಅಳತೆ ಎರಡು ಸಲ ಮಾಡಿ. ಮೊದಲನೆಯದು ಬಾಕ್ಸಿಗೆ: ಬಯಲಲ್ಲಿ ಒಂದೇ ಬಾಕ್ಸ್ ಹಾಕಿ, 2 ಮೀಟರ್ ದೂರದಲ್ಲಿ, ಹಾರ್ನಿನ ನೇರಕ್ಕೆ ಮೈಕ್ ಇಡಿ. ಇದನ್ನು ಕೆಲಸವಿಲ್ಲದ ದಿನ ಮನೆ ಹತ್ತಿರವೇ ಮಾಡಿಕೊಳ್ಳಬಹುದು. ಎರಡನೆಯದು ಜಾಗಕ್ಕೆ: ಜನ ಕೂರುವ ಕಡೆ ನಾಲ್ಕೈದು ಜಾಗ, ಕೂತವರ ಕಿವಿಯ ಎತ್ತರ. ಗೆರೆ ಮೇಲೆದ್ದ ಜಾಗ ಗುಡ್ಡ, ಕೆಳಗಿಳಿದ ಜಾಗ ಹಳ್ಳ. ಎಲ್ಲಾ ಕಡೆ ಕಾಣುವ ಗುಡ್ಡ ನಿಜವಾದ ಗುಡ್ಡ. ಒಂದೇ ಕಡೆ ಕಂಡರೆ ಬಿಟ್ಟುಬಿಡಿ.

ಹಳ್ಳಗಳನ್ನು ತುಂಬಿಸಲು ಹೋಗಬೇಡಿ. ನಾನು ಕಂಡ ತಪ್ಪುಗಳಲ್ಲಿ ದುಬಾರಿಯದು ಇದೇ. ನೆಲಕ್ಕೆ ಬಡಿದು ಬರುವ ಸದ್ದು ನೇರ ಸದ್ದಿಗಿಂತ 1 ಮೀಟರ್ ಜಾಸ್ತಿ ದಾರಿ ನಡೆದರೆ, ಸುಮಾರು 170 ಹರ್ಟ್ಸ್‌ನಲ್ಲಿ ಎರಡೂ ಒಂದನ್ನೊಂದು ನುಂಗಿಹಾಕುತ್ತವೆ. ಪರದೆ ಮೇಲೆ ಹಳ್ಳ ಕಾಣುತ್ತದೆ. ನೀವು ಅಲ್ಲಿ 10 ಡೆಸಿಬಲ್ ಎತ್ತುತ್ತೀರಿ. ನೇರ ಸದ್ದೂ ಎದ್ದಿತು, ನೆಲದ ಸದ್ದೂ ಎದ್ದಿತು, ಹಳ್ಳ ಹಾಗೇ ಉಳಿಯಿತು. ಆಂಪ್ ಮಾತ್ರ ಆ ಜಾಗದಲ್ಲಿ 10 ಪಟ್ಟು ಪವರ್ ಸುರಿಯುತ್ತಿರುತ್ತದೆ. ಸುಟ್ಟ ಸ್ಪೀಕರ್ ಕಾಯಿಲ್ ಹಿಡಿದುಕೊಂಡು ಅಂಗಡಿಗೆ ಬರುವವರಲ್ಲಿ ಇಂಥವರಿದ್ದಾರೆ.

ಆಟೋ ಈಕ್ಯೂ ಅಂತ ಒಂದು ಗುಂಡಿ ಇರುತ್ತದೆ. ಅದು ಮಾಡುವುದೂ ಹಳ್ಳ ತುಂಬಿಸುವ ಕೆಲಸವನ್ನೇ. ಬಳಸಲೇಬೇಕು ಅಂದರೆ 100 ಹರ್ಟ್ಸ್‌ಗಿಂತ ಕೆಳಗೆ, 10 ಕಿಲೋಹರ್ಟ್ಸ್‌ಗಿಂತ ಮೇಲೆ ಮುಟ್ಟದ ಹಾಗೆ ಕಟ್ಟಿಹಾಕಿ. ಅದು ಎತ್ತಿದ್ದನ್ನೆಲ್ಲ ಕೈಯಾರೆ ಸೊನ್ನೆಗೆ ತನ್ನಿ. ಇನ್ನೊಂದು ಮಾತು, ಗೆರೆ ಪೂರ್ತಿ ಮಟ್ಟಸ ಇದ್ದರೆ ಹಾಲಿನಲ್ಲಿ ಕಿವಿಗೆ ಚುಚ್ಚುತ್ತದೆ. ಮೇಲಿನ ಕಡೆ ಮೆಲ್ಲಗೆ ಇಳಿಜಾರು ಇರಲಿ.

ಹಂತ 5: ಪಿಇಕ್ಯೂ, ಬಾಕ್ಸಿನ ಸ್ವಭಾವಕ್ಕೆ

ಈಗ ಬೈಪಾಸ್ ತೆಗೆಯಿರಿ. ಇಲ್ಲಿ ಮೂರು ಹಿಡಿ. ಎಲ್ಲಿ ಅನ್ನುವುದು ಫ್ರೀಕ್ವೆನ್ಸಿ, ಎಷ್ಟು ಅನ್ನುವುದು ಗೇನ್, ಎಷ್ಟು ಅಗಲ ಅನ್ನುವುದು ಕ್ಯೂ. ಕ್ಯೂ 1.4 ಅಂದರೆ ಹೆಚ್ಚುಕಡಿಮೆ ಒಂದು ಆಕ್ಟೇವ್ ಅಗಲ, 4.3 ಅಂದರೆ ಮೂರನೇ ಒಂದು ಭಾಗ, 14 ಅಂದರೆ ಹತ್ತನೇ ಒಂದು ಭಾಗ. ಅಂಕಿ ಜಾಸ್ತಿ ಆದಷ್ಟೂ ಕಿರಿದು. ಕೆಲವು ಡಬ್ಬಿ ಕ್ಯೂ ಬದಲು ನೇರ ಆಕ್ಟೇವ್ ಅಗಲ ಕೇಳುತ್ತದೆ, ಅಲ್ಲಿ ಲೆಕ್ಕ ಉಲ್ಟಾ. ಇದನ್ನು ಮರೆತು ಕಿರಿದು ಮಾಡಲು ಹೋಗಿ ಅಗಲ ಮಾಡಿದವರು ಬಹಳ.

1. ಮೈಕಿನ ಚಾನಲಿನಲ್ಲಿ ಲೋ ಕಟ್ ಗುಂಡಿ ಒತ್ತಿ. ಮಿಕ್ಸರುಗಳಲ್ಲಿ ಅದು 80 ಅಥವಾ 100 ಹರ್ಟ್ಸ್‌ಗೆ ಇರುವುದು ಹೆಚ್ಚು. ವೇದಿಕೆ ಹಲಗೆ ಮೇಲೆ ಕುಣಿದ ಸದ್ದು ಅಲ್ಲೇ ನಿಲ್ಲುತ್ತದೆ. ಈಕ್ವಲೈಸರಿನಲ್ಲಿ ಇದೇ ಕೆಲಸ ಮತ್ತೆ ಬೇಡ.

2. ಮೈಕುಗಳನ್ನೆಲ್ಲ ಮುಚ್ಚಿ, ಮಾತಿನ ರೆಕಾರ್ಡಿಂಗ್ ಹಾಕಿ. ಒಂದು ಪಟ್ಟಿ ತೆಗೆದುಕೊಂಡು, ಕ್ಯೂ 4ರ ಸುತ್ತ ಇಟ್ಟು, 6 ಡೆಸಿಬಲ್ ಎತ್ತಿ, 150ರಿಂದ 500ರವರೆಗೆ ಮೆಲ್ಲಗೆ ಎಳೆಯಿರಿ. ದನಿ ಎಲ್ಲಿ ಬಿಂದಿಗೆಯೊಳಗೆ ಮಾತಾಡಿದ ಹಾಗೆ ಆಗುತ್ತದೋ ಅಲ್ಲಿ ನಿಲ್ಲಿ. ಈಗ ಎತ್ತಿದ್ದನ್ನು ಇಳಿಸಿ, ಸೊನ್ನೆಯಿಂದ 3 ಅಥವಾ 4 ಡೆಸಿಬಲ್ ಕೆಳಗೆ ಬಿಡಿ. ಮೈಕು ತೆರೆದುಕೊಂಡು ಹೀಗೆ ಎಳೆದಾಡಬೇಡಿ, ಕಿವಿ ಸೀಳುವ ಕುಯ್ ಬರುತ್ತದೆ.

3. ಇದನ್ನೇ 2ರಿಂದ 5 ಕಿಲೋಹರ್ಟ್ಸ್ ನಡುವೆ ಮಾಡಿ. ಅಗ್ಗದ ಹಾರ್ನುಗಳು ತಗಡಿನ ಹಾಗೆ ಕೂಗುವುದು ಇಲ್ಲೇ. ಬಾಕ್ಸಿನ ಹತ್ತಿರ ತೆಗೆದ ಆರ್‌ಟಿಎ ಗೆರೆಯಲ್ಲೂ ಅದೇ ಜಾಗದಲ್ಲಿ ಗುಡ್ಡ ಇದ್ದರೆ ನಿಮ್ಮ ಕಿವಿ ಸರಿ.

ಮೂರು ನಾಲ್ಕು ಪಟ್ಟಿಗಿಂತ ಜಾಸ್ತಿ ಬೇಕಾದರೆ ನಿಲ್ಲಿಸಿ, ಬಾಕ್ಸ್ ಬಿಚ್ಚಿ ನೋಡಿ. ಹರಿದ ಕೋನಿಗೆ ಪಿಇಕ್ಯೂ ಮದ್ದಲ್ಲ.

ಹಂತ 6: ಜಿಇಕ್ಯೂ, ಜಾಗಕ್ಕೆ

20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ 31 ಪಟ್ಟಿ. ಮುಗುಳ್ನಗೆಯ ಆಕಾರಕ್ಕೆ ಎಳೆಯುವ ಚಟ ಇದ್ದರೆ ಇವತ್ತೇ ಬಿಡಿ. ಇಲ್ಲಿ ಮಾಡುವುದು ಇಳಿಸುವ ಕೆಲಸ ಮಾತ್ರ.

ಮೊದಲು ಜನರ ಜಾಗದಲ್ಲಿ ಅಳೆದ ಗುಡ್ಡಗಳನ್ನು 2–3 ಡೆಸಿಬಲ್ ಇಳಿಸಿ. ಆಮೇಲೆ ಕುಯ್ ಹುಡುಕುವ ಕೆಲಸ. ನಾಟಕದಲ್ಲಿ ತೆರೆದಿರುವ ಮೈಕುಗಳೆಲ್ಲ ತೆರೆದಿರಲಿ. ಒಬ್ಬ ಹುಡುಗನನ್ನು ನೇತಾಡುವ ಮೈಕಿನ ಕೆಳಗೆ ನಿಲ್ಲಿಸಿ. ಮಿಕ್ಸರಿನ ಫೇಡರನ್ನು (ಜೋರು ಏರಿಸಿ ಇಳಿಸುವ ಹಿಡಿ) ಮೆಲ್ಲಗೆ, ಬಹಳ ಮೆಲ್ಲಗೆ ಏರಿಸಿ. ಮೊದಲ ಕುಯ್ ಶುರುವಾಗುತ್ತಿದ್ದಂತೆ ಕಿವಿಗೊಟ್ಟು ಕೇಳಿ.

ಯಾವ ಪಟ್ಟಿ ಅಂತ ತಿಳಿಯುವುದು ಹೇಗೆ? ನಮ್ಮ ಸ್ವರಗಳೇ ಸಾಕು. 'ಊ' ಅಂತ ಗೂಗೆ ಕೂಗಿದ ಹಾಗಿದ್ದರೆ 250ರ ಸುತ್ತ. 'ಓ' ಅಂದರೆ 500. ಬಾಯಿ ಅಗಲಿಸಿ 'ಆ' ಅಂದ ಹಾಗಿದ್ದರೆ 1 ಕಿಲೋಹರ್ಟ್ಸ್. 'ಈ' ಅಂತ ಕೀರಿದರೆ 2ರಿಂದ 4 ಕಿಲೋಹರ್ಟ್ಸ್. ಅದಕ್ಕೂ ಮೇಲೆ ಸೂಜಿಯ ಹಾಗೆ. ಇದು ಅಂದಾಜು ಅಷ್ಟೇ, ಆದರೆ 31 ಪಟ್ಟಿಯಲ್ಲಿ ಮೂರಕ್ಕೆ ಇಳಿಯುತ್ತದೆ. ಆರ್‌ಟಿಎ ಪರದೆ ಆ ಮೂರರಲ್ಲಿ ಯಾವುದು ಅಂತ ಹೇಳುತ್ತದೆ.

ಆ ಪಟ್ಟಿಯನ್ನು 3 ಡೆಸಿಬಲ್ ಇಳಿಸಿ. ಮತ್ತೆ ಏರಿಸಿ. ಎರಡನೆಯ ಕುಯ್, ಅದಕ್ಕೂ 3. ಹೀಗೆ ನಾಲ್ಕೋ ಐದೋ. ಎರಡು ಮೂರು ದನಿಗಳು ಒಟ್ಟಿಗೇ ಕೂಗಲು ಶುರುವಾದವು ಅಂದರೆ ಕೆಲಸ ಮುಗಿಯಿತು. ಅದಾದ ಮೇಲೂ ಇಳಿಸುತ್ತಾ ಹೋದರೆ ನೀವು ಬರೀ ವಾಲ್ಯೂಮ್ ಇಳಿಸುತ್ತಿದ್ದೀರಿ, ಅದೂ ವಕ್ರವಾಗಿ. ಈಗ ಫೇಡರನ್ನು ಆ ಗಡಿಯಿಂದ 6 ಡೆಸಿಬಲ್ ಕೆಳಗೆ ತಂದು, ಅಲ್ಲಿ ಇನ್ಸುಲೇಷನ್ ಟೇಪಿನಲ್ಲಿ ಗುರುತು ಹಾಕಿ.

ಎರಡು ಎಚ್ಚರಿಕೆ. ಪಕ್ಕಪಕ್ಕದ ಮೂರು ಪಟ್ಟಿಯನ್ನು 6 ಇಳಿಸಿದರೆ ನಡುವಿನದು 6ಕ್ಕಿಂತ ಜಾಸ್ತಿ ಇಳಿದಿರುತ್ತದೆ, ಪಟ್ಟಿಗಳು ಒಂದರ ಮೇಲೊಂದು ಬೀಳುತ್ತವೆ. ಇದನ್ನು ಸರಿದೂಗಿಸುವ ಸ್ವಿಚ್ಚು ಕೆಲವು ಡಬ್ಬಿಯಲ್ಲಿದೆ, ಇದ್ದರೆ ಆನ್ ಇಡಿ.

ಇನ್ನೊಂದು, 250ರ ಪಟ್ಟಿಯನ್ನು ಕಂಡಾಪಟ್ಟೆ ಇಳಿಸಬೇಡಿ. ಒಂದು ಮನೆ ಶ್ರುತಿಯ ಷಡ್ಜ ಸುಮಾರು 262 ಹರ್ಟ್ಸ್. ಹಾರ್ಮೋನಿಯಂ ಹಿಡಿದು ಕೂರುವುದೇ ಆ ಸುತ್ತಮುತ್ತ. ಅಲ್ಲಿ 10 ಡೆಸಿಬಲ್ ಕತ್ತರಿಸಿದರೆ ಕೃಷ್ಣನ ಪಾತ್ರದವನು ಶ್ರುತಿ ಕೇಳದೆ ಎತ್ತಲೋ ಹೋಗುತ್ತಾನೆ. ಬೈಗುಳ ಹಾರ್ಮೋನಿಯಂ ಮೇಷ್ಟ್ರಿಗೆ ಬೀಳುತ್ತದೆ.

ಹಂತ 7: ಎಫ್‌ಬಿಡಿ, ಆ ರಾತ್ರಿಗೆ

ತಾನೇ ಕುಯ್ ಹುಡುಕಿ, ತೀರಾ ಕಿರಿದಾದ ಕತ್ತರಿ ಹಾಕುವ ಮೋಡ್ ಇದು. ಕತ್ತರಿಗಳಲ್ಲಿ ಎರಡು ಬಗೆ. ಒಂದು ಸಲ ಕೂತರೆ ಕದಲದ ಫಿಕ್ಸೆಡ್, ಮತ್ತು ಹೊಸ ಕುಯ್ ಬಂದ ಹಾಗೆಲ್ಲ ಜಾಗ ಬದಲಿಸುವ ಲೈವ್.

ಇದರ ಪಾಠ ನಾನು ಕಲಿತದ್ದು ಶ್ರೀರಂಗಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ಡಬ್ಬಿ ಹೊಸದು, ನನಗೆ ಉತ್ಸಾಹ ಜಾಸ್ತಿ. ಎಲ್ಲಾ ಕತ್ತರಿಗಳನ್ನೂ ಲೈವ್‌ಗೆ ಬಿಟ್ಟಿದ್ದೆ. ಹಾರ್ಮೋನಿಯಂ ಮೇಷ್ಟ್ರು ಪ್ರಾರ್ಥನೆಗೆ ಮುಂಚೆ ಶ್ರುತಿ ಹಿಡಿದು ಕೂತರು. ಅಲುಗಾಡದೆ ಒಂದೇ ಸಮ ಬರುವ ಸ್ವರ ಡಬ್ಬಿಯ ಪಾಲಿಗೆ ಕುಯ್. ಷಡ್ಜಕ್ಕೊಂದು ಕತ್ತರಿ ಬಿತ್ತು, ಪಂಚಮಕ್ಕೊಂದು ಬಿತ್ತು. ಮೊದಲ ಅಂಕ ಮುಗಿಯುವಷ್ಟರಲ್ಲಿ ಪರದೆ ಮೇಲೆ ಗೆರೆ ಬಾಚಣಿಗೆ ಆಗಿತ್ತು. ಮೇಷ್ಟ್ರು ವೇದಿಕೆ ಪಕ್ಕದಿಂದಲೇ ಕೂಗಿದರು: "ಏನ್ಲಾ, ನನ್ ಪೆಟ್ಟಿಗೆಗೆ ಬಟ್ಟೆ ತುರುಕ್ಬುಟ್ಟಿದ್ದೀಯಾ?" ತಂಬೂರಿ, ಕೊಳಲು, ನಾಗಸ್ವರ ಇದ್ದ ಕಡೆಯೂ ಇದೇ ಕಥೆ.

ಈಗ ಹೀಗೆ ಮಾಡುತ್ತೇನೆ. ಜಾಗ ಖಾಲಿ ಇರುವಾಗ, ಜಿಇಕ್ಯೂ ಮುಗಿದ ಮೇಲೆ, ಎಫ್‌ಬಿಡಿಯನ್ನು ಕಲಿಯುವ ಸ್ಥಿತಿಗೆ ಹಾಕಿ ಫೇಡರ್ ಏರಿಸುತ್ತೇನೆ. ಐದಾರು ಕತ್ತರಿ ಕೂತ ಮೇಲೆ ಫಿಕ್ಸ್ ಮಾಡುತ್ತೇನೆ. ಎರಡೇ ಎರಡು ಲೈವ್ ಬಿಡುತ್ತೇನೆ. ಸಾಧ್ಯವಿದ್ದ ಕಡೆ ಇದಕ್ಕೆ ಬೇರೆ ಡಬ್ಬಿ ಇಟ್ಟು, ನೇತಾಡುವ ಮೈಕುಗಳ ಗ್ರೂಪಿಗೆ ಮಾತ್ರ ಇನ್ಸರ್ಟ್ ಮಾಡುತ್ತೇನೆ. ಹಾರ್ಮೋನಿಯಂ ಅದರೊಳಗೆ ಹೋಗುವುದೇ ಇಲ್ಲ.

ನಾಟಕದ ನಡುವೆ ದನಿ ದಿನಸಿ ಡಬ್ಬದೊಳಗಿಂದ ಬಂದ ಹಾಗೆ ಆಗುತ್ತಾ ಹೋದರೆ ಮೊದಲು ನೋಡಬೇಕಾದ ಪರದೆ ಇದು. ಲೈವ್ ಕತ್ತರಿಗಳನ್ನು ಮಾತ್ರ ಅಳಿಸಿ. ಅಳಿಸುವ ಮುಂಚೆ ಫೇಡರ್ ಸ್ವಲ್ಪ ಇಳಿಸಿ, ಇಲ್ಲದಿದ್ದರೆ ತಡೆದಿದ್ದ ಕುಯ್ ಎಲ್ಲಾ ಒಟ್ಟಿಗೇ ಬರುತ್ತದೆ.

ಹಂತ 8: ಡಿಇಕ್ಯೂ, ದುರ್ಯೋಧನನಿಗೆ

ಪಿಇಕ್ಯೂ ಯಾವಾಗಲೂ ಕತ್ತರಿಸುತ್ತದೆ. ಡಿಇಕ್ಯೂ ಹಾಗಲ್ಲ, ಮಟ್ಟ ದಾಟಿದಾಗ ಮಾತ್ರ. ಧರ್ಮರಾಯ ಮೆಲ್ಲಗೆ ಮಾತಾಡುವಾಗ ಸುಮ್ಮನಿರಬೇಕು, ದುರ್ಯೋಧನ ಗದೆ ಎತ್ತಿ ಆರ್ಭಟಿಸಿದಾಗ 3 ಕಿಲೋಹರ್ಟ್ಸ್ ಸುತ್ತ ಕಿವಿಗೆ ಚುಚ್ಚುವುದನ್ನು ಹಿಡಿಯಬೇಕು. ಇದಕ್ಕೆಂದೇ ಮಾಡಿದ ಮೋಡ್ ಇದು ಅನ್ನಿಸುತ್ತದೆ ನನಗೆ.

ಒಂದೇ ಪಟ್ಟಿ ಸಾಕು. ಜಾಗ 3 ಕಿಲೋಹರ್ಟ್ಸ್, ಅಗಲ ಒಂದು ಆಕ್ಟೇವ್, ಇಳಿಕೆ 5 ಡೆಸಿಬಲ್. ಅಟ್ಯಾಕ್ (ಕತ್ತರಿ ಬೀಳಲು ಹಿಡಿಯುವ ಹೊತ್ತು) 10 ಮಿಲಿಸೆಕೆಂಡ್, ರಿಲೀಸ್ (ಕತ್ತರಿ ಬಿಡಲು ಹಿಡಿಯುವ ಹೊತ್ತು) 200ರ ಸುತ್ತ ಇಟ್ಟು ನೋಡಿ. ಥ್ರೆಶೋಲ್ಡ್ (ಯಾವ ಮಟ್ಟ ದಾಟಿದರೆ ಕತ್ತರಿ ಬೀಳಬೇಕು ಅನ್ನುವುದು) ಇಡಲು ಆ ಪಾತ್ರಧಾರಿಯನ್ನೇ ಕರೆದು ಒಂದು ಸಲ ಕೂಗಿಸಿ. ಸಂತೋಷವಾಗಿ ಕೂಗುತ್ತಾರೆ. ಸಾಮಾನ್ಯ ಮಾತಿಗೂ ಮೀಟರ್ ಅಲ್ಲಾಡುತ್ತಿದ್ದರೆ ಥ್ರೆಶೋಲ್ಡ್ ತೀರಾ ಕೆಳಗಿದೆ. ಪದದ ಮೊದಲ ಅಕ್ಷರ ಮಾತ್ರ ಜೋರಾಗಿ, ಉಳಿದದ್ದು ಮುಳುಗಿದರೆ ಇಳಿಕೆ ಜಾಸ್ತಿಯಾಗಿದೆ.

ಹಂತ 9: ಹೋಲಿಸಿ, ಉಳಿಸಿ, ಬೀಗ ಹಾಕಿ

ಮೈಕು ಮುಚ್ಚಿ, ಹಾಡು ಹಾಕಿ, ಬೈಪಾಸ್ ಒತ್ತಿ ಬಿಟ್ಟು ಕೇಳಿ. ಎರಡೂ ಒಂದೇ ಜೋರಿನಲ್ಲಿರಬೇಕು. ಜೋರಿರುವುದು ಯಾವಾಗಲೂ ಚೆನ್ನಾಗಿಯೇ ಕೇಳಿಸುತ್ತದೆ, ಅದರಿಂದ ಮೋಸ ಹೋಗುತ್ತೀರಿ. ಸಮ ಮಾಡಿ ಕೇಳಿದಾಗ ಬೈಪಾಸೇ ಚೆನ್ನಾಗಿದೆ ಅನ್ನಿಸಿದರೆ ಹಂತ 5ಕ್ಕೆ ವಾಪಸ್. ಮೈಕು ತೆರೆದಿರುವಾಗ ಬೈಪಾಸ್ ಮುಟ್ಟಲೇಬೇಡಿ.

ಖಾಲಿ ಜಾಗದಲ್ಲಿ ಟ್ರೆಬಲ್ ಸ್ವಲ್ಪ ಜಾಸ್ತಿ ಇದ್ದರೆ ಇರಲಿ. ಜನ ಬಂದು ಕೂತರೆ ಮೈ, ಬಟ್ಟೆ, ಹೊದ್ದ ಶಾಲು ಎಲ್ಲಾ ಅದನ್ನು ಹೀರಿಕೊಳ್ಳುತ್ತವೆ.

ಮೆಮೊರಿಗೆ ಹಾಕಿ ಹೆಸರು ಕೊಡಿ. 'ಟೆಸ್ಟ್ 1', 'ಟೆಸ್ಟ್ 2' ಅಂತ ಬೇಡ, ಊರಿನ ಹೆಸರು ಹಾಕಿ. ನೋಟ್‌ಬುಕ್ಕಿನಲ್ಲೂ ಬರೆಯಿರಿ. ಆಮೇಲೆ ಪ್ಯಾನಲ್ ಲಾಕ್. ಲೈಟು ಮಿನುಗುವ ಡಬ್ಬಿ ಕಂಡರೆ ಬೆರಳು ಸುಮ್ಮನಿರದ ಮಕ್ಕಳು, ಅವರಿಗಿಂತ ಹೆಚ್ಚಾಗಿ ದೊಡ್ಡವರು, ಎಲ್ಲಾ ಊರಲ್ಲೂ ಇದ್ದಾರೆ.

ಯುಪಿಎಸ್ ಬೇಕಾಗುವುದು ಇಲ್ಲಿ. ಕರೆಂಟು ಹೋಗಿ ಜನರೇಟರಿಗೆ ಬದಲಾಗುವ ಆ ಕೆಲವು ಕ್ಷಣದಲ್ಲಿ ಡಬ್ಬಿ ಸತ್ತು ಮತ್ತೆ ಎದ್ದೇಳುತ್ತದೆ. ಅಷ್ಟರಲ್ಲಿ ಆಂಪ್ ಆನ್ ಆಗಿಬಿಟ್ಟಿದ್ದರೆ ಢಬ್. ಉಳಿಸದ ಸೆಟ್ಟಿಂಗ್ ಕೆಲವು ಡಬ್ಬಿಯಲ್ಲಿ ಅಲ್ಲಿಗೇ ಮಾಯ.

ಹಂತ 10: ಮಾರನೇ ದಿನ, ಬೇರೆ ಊರಲ್ಲಿ

ನಿನ್ನೆಯ ಮೆಮೊರಿಯನ್ನು ಕರೆದು ಹಾಗೇ ಓಡಿಸಬೇಡಿ. ಬಾಕ್ಸ್ ಅದೇ ಆಗಿದ್ದರೆ ಪಿಇಕ್ಯೂ ಉಳಿಸಿಕೊಳ್ಳಿ. ಜಿಇಕ್ಯೂ ಸೊನ್ನೆಗೆ ತನ್ನಿ, ಹೊಸ ಜಾಗಕ್ಕೆ ಹೊಸದಾಗಿ ಮಾಡಿ. ಎಫ್‌ಬಿಡಿಯಲ್ಲಿ ಫಿಕ್ಸ್ ಆದದ್ದು, ಲೈವ್ ಇದ್ದದ್ದು ಎಲ್ಲವನ್ನೂ ಅಳಿಸಿ. ಡಿಇಕ್ಯೂ ಪಟ್ಟಿ ಇರಲಿ, ಥ್ರೆಶೋಲ್ಡ್ ಮಾತ್ರ ಆ ಊರಿನ ದುರ್ಯೋಧನನನ್ನು ಕೂಗಿಸಿ ಮತ್ತೆ ಹೊಂದಿಸಿ.